ಇಲ್ಲಾಂದ್ರೆ ಇಳಿದು ತಳ್ಳಿ

ರವಿವಾರ, ಜನವರಿ 5. ಶಿಗ್ಗಾವಿ. ಸಂಜೆ 6

‘ಸಭೆಯಲ್ಲಿ ನೆರೆದಿರುವ ಸವಣೂರಿನ ಮಹಾಜನರಿಗೆ ನಮಸ್ಕಾರ. ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರುಗಳಿಂದ ಬಸ್ಸು ಹಿಡಿದು ಬಂದಿರುವ ನನ್ನ ಹುಡುಗ ಹುಡುಗಿಯರಿಗೆ ಪ್ರೀತಿ. ಈ ಊರಿಗೆ ಸಿನಿಮಾ ತೋರಿಸಿದ ಹಿರಿಯರಿಗೆ, ವಿಶೇಷವಾಗಿ ಮೊದಲ ಸಾಲಿನಲ್ಲಿ ಕುಳಿತಿರುವ ಶ್ರೀ ಚನ್ನವೀರಪ್ಪನವರಿಗೆ, ನಾವೆಲ್ಲರೂ ಋಣಿಗಳು. ಅವರು ನಮಗೆ ಏನೇನು ತೋರಿಸಿದರೆಂಬುದು ನಿಮಗೆ ಗೊತ್ತು. ಏನೇನು ತೋರಿಸಲಿಲ್ಲ ಎಂಬುದನ್ನು ಈಗ ನಾನು ಹೇಳುತ್ತೇನೆ...’

ಭಾಷಣವನ್ನು ಇಷ್ಟಕ್ಕೆ ನಿಲ್ಲಿಸಿದೆ. ಚೆನ್ನಾಗಿ ಬಂದಿದೆ. ‘ಶ್ರೀ’ ಎಂದು ಬರೆಯುವಾಗ ಮಾತ್ರ ಪೆನ್ನು ಕಾಗದವನ್ನು ಸ್ವಲ್ಪ ಹರಿಯಿತು.

ಮಾರ್ಚ್ 2ಕ್ಕೆ ಸವಣೂರಿನಲ್ಲಿ ನಮ್ಮ ರವಿವಾರದ ಚಿತ್ರಕೂಟದ ಪ್ರದರ್ಶನ. ನಿವೃತ್ತಳಾದ ಮೇಲೆ ಕಟ್ಟಿಕೊಂಡ ಬಳಗವಿದು. ಇಪ್ಪತ್ತೆರಡು ಜನ, ನಾಲ್ಕು ತಾಲೂಕಿನವರು. ಜಗಳಗಂಟ ಜೋಡಿಗಳ ಹಳೆಯ ನಗೆಚಿತ್ರಗಳನ್ನೇ ನೋಡುತ್ತೇವೆ. ನಂತರ ಅದಕ್ಕಾಗಿ ನಾವೂ ಜಗಳವಾಡುತ್ತೇವೆ.

ಇಂದು ನೋಡಿದ್ದು ಸವಣೂರಿನಲ್ಲಿ ತೋರಿಸಲಿರುವ ಆ ಚಿತ್ರ. ಲೋಹಿತ ಯೂಟ್ಯೂಬ್‌ನಲ್ಲಿ ಹುಡುಕಿ ತಂದ. ಕಪ್ಪುಬಿಳುಪು. ಗಿರಣಿ ಮಾಲೀಕನ ಮಗಳು, ಅವಳಿಗೆ ಕಾರು ಕಲಿಸಲು ಬಂದ ಮುಂಗೋಪಿ ಮೇಷ್ಟ್ರು. ನಿಶ್ಚಿತಾರ್ಥದ ದಿನ ಹುಡುಗಿ ಕಾರು ಹೊಡೆದುಕೊಂಡು ಓಡಿಹೋಗುತ್ತಾಳೆ, ಪಕ್ಕದ ಸೀಟಿನಲ್ಲಿ ಮೇಷ್ಟ್ರು ಸಿಕ್ಕಿಬಿದ್ದಿರುತ್ತಾನೆ. ಅಲ್ಲಿಂದ ಎರಡು ತಾಸು ಬರೀ ವಾದ. ನನ್ನ ಹುಡುಗರು ಬೆಂಚು ಗುದ್ದಿ ನಕ್ಕರು. ಕೊನೆಯಲ್ಲಿ ಕಾರು ಕೆಟ್ಟು ನಿಲ್ಲುತ್ತದೆ. ಮೇಷ್ಟ್ರು ಬೆರಳೆತ್ತಿ ಹೇಳುತ್ತಾನೆ, ‘ಇನ್ನು ಮುಂದೆ ನಾನು ಹೇಳಿದ ದಾರಿಯಲ್ಲೇ ನಡೀಬೇಕು!’ ಚಿತ್ರ ಒಂದು ಸಲ ಹಾರುತ್ತದೆ... ಶುಭಂ.

ನಗು ನಿಂತಿತು. ದುಂಡಸಿಯ ರಾಜಶ್ರೀ, ಬಿ.ಎಡ್. ಓದುವವಳು, ಎದ್ದೇ ನಿಂತಳು.

“ಅಕ್ಕಾರ, ಎರಡು ತಾಸು ಅಂವನ ಬೆವರು ಇಳಿಸಿದಾಕಿ ಕಡೀಕ ಸುಮ್ಮನ ಕುಂತ್ಲಲ್ರಿ! ಇದೇನ್ ಮೋಸ?”

“ಸುಮ್ಮನೆ ಕುಳಿತಿಲ್ಲ” ಎಂದೆ. “ಆಕೆ ಹೇಳುತ್ತಾಳೆ: ‘ದಾರಿ ನೀವು ಹೇಳಿ, ಸ್ಟೇರಿಂಗ್ ನನ್ನ ಕೈಲಿದೆ. ಬರೋದಾದ್ರೆ ಹಿಂದೆ ಕೂತ್ಕೊಳ್ಳಿ. ಇಲ್ಲಾಂದ್ರೆ ಇಳಿದು ತಳ್ಳಿ!’ ಅವನು ಇಳಿಯುತ್ತಾನೆ, ತಳ್ಳುತ್ತಾನೆ. ಶುಭಂ ಬರುವುದು ಆಮೇಲೆ.”

ಛಾವಣಿ ಹಾರುವಂತೆ ನಕ್ಕರು. ಲೋಹಿತ ಮಾತ್ರ ತಲೆ ಕೆರೆದುಕೊಂಡ. “ಮಸ್ತ್ ಐತ್ರಿ ಅಕ್ಕಾರ. ಆದ್ರ ನೀವ ಕಟ್ಟಿದ್ದೇನ್ರಿ ಅದು?”

ತಮಾಷೆಗೆ ಅಂದ. ಹುಲಗೂರಿನ ಹುಡುಗ, ಮೊಬೈಲ್ ರಿಪೇರಿಯವನು, ಕಪಟವಿಲ್ಲದವನು. ನಾನೂ ನಕ್ಕೆ. ಆದರೆ ಈ ಪ್ರಶ್ನೆ ನನ್ನ ಕಿವಿಗೆ ಬೀಳುತ್ತಿರುವುದು ಎರಡನೆಯ ಸಲ. ಮೊದಲ ಸಲ ಕೇಳಿದವರು ಈಗಿಲ್ಲ.

ಕಳೆದ ವಾರವಷ್ಟೇ ಹಾನಗಲ್ಲಿಗೆ ಹೋಗಿದ್ದೆ. ಶಿಗ್ಗಾವಿಯ ಥಿಯೇಟರಿನಲ್ಲಿ ಆಗ ಮಶೀನು ನಡೆಸುತ್ತಿದ್ದ ಉಡಚಪ್ಪ ಈಗ ಅಲ್ಲಿ ಮಗಳ ಮನೆಯಲ್ಲಿದ್ದಾರೆ. ಆ ಕಾಲಕ್ಕೆ ಶಿಗ್ಗಾವಿಗೂ ಸವಣೂರಿನ ಟೆಂಟ್ ಸಿನಿಮಾಕ್ಕೂ ಸೇರಿ ಒಂದೇ ಪ್ರಿಂಟು. ಇಲ್ಲಿ ಒಂದು ರೀಲು ಮುಗಿದ ಕೂಡಲೇ ಮೋಟಾರ್ ಸೈಕಲ್ ಮೇಲೆ ಸವಣೂರಿಗೆ ಓಡಬೇಕು. ಉಡಚಪ್ಪ ಹೇಳಿದ್ದು ಹೀಗೆ:

“ನಾ ಪೂರಾ ರೀಲ ಕಳಸ್ತಿದ್ದೆ ಅಕ್ಕಾರ. ಸವಣೂರಿಂದ ತಿರುಗಿ ಬರೂದ್ರಾಗ ತುಂಡಾಗಿರ್ತಿತ್ತು. ಟೆಂಟಿನ ಮ್ಯಾನೇಜರ ಚನ್ನವೀರಪ್ಪನ ಕತ್ತರಿ. ಹುಡುಗಿ ತಿರುಗಿ ಮಾತಾಡಿದ್ಲೋ, ಕಚಕ್! ಒಗೀತಿರಲಿಲ್ಲ ಮತ್ತ. ಒಂದು ಡಬ್ಬ್ಯಾಗ ಇಡ್ತಿದ್ದ. ಈಗ ಹಿರೇಕೆರೂರಾಗ ಅದಾನ.”

ಉಳಿದದ್ದು ಆ ತುಂಡಾದ ಪ್ರಿಂಟೊಂದೇ ಇರಬೇಕು, ಯೂಟ್ಯೂಬಿಗೆ ಏರಿದ್ದೂ ಅದೇ. ನಲವತ್ತೆರಡು ವರ್ಷಗಳ ನಂತರ ಒಂದು ಹೆಸರು ಸಿಕ್ಕಿತು. ಹೆಸರಿಲ್ಲದ ಸಿಟ್ಟಿಗೆ ವಯಸ್ಸಾಗುತ್ತದೆ. ಹೆಸರು ಸಿಕ್ಕ ಸಿಟ್ಟಿಗೆ ಮತ್ತೆ ಹತ್ತೊಂಬತ್ತು.

ಸೋಮವಾರ, ಜನವರಿ 6. ಬೆಳಿಗ್ಗೆ

ಒಮ್ಮೆ ಬರೆದುಬಿಡಬೇಕು. ಎಲ್ಲಿಯೂ ಬರೆದಿಲ್ಲ.

1983. ನನಗೆ ಹತ್ತೊಂಬತ್ತು. ಆ ಚಿತ್ರ ಆಗಲೇ ಹಳೆಯದು, ಮರುಪ್ರದರ್ಶನ. ಮೊದಲ ದಿನವೇ ಶಿಗ್ಗಾವಿಯಲ್ಲಿ ಸೋದರತ್ತೆಯ ಜೊತೆ ನೋಡಿದೆ; ಕೊನೆಯ ಹೊತ್ತಿಗೆ ಅತ್ತೆಗೆ ನಿದ್ದೆ. ಕೊನೆಯ ಮಾತು ನಾಲಿಗೆಗೆ ಅಂಟಿತು. ಒಂದು ವಾರ ಕೊಡ, ಬಕೆಟ್, ಅಕ್ಕಿಯ ಚೀಲ, ಎಲ್ಲದಕ್ಕೂ ಅದನ್ನೇ ಹೇಳಿದೆ.

ಮುಂದಿನ ವಾರ ಸವಣೂರಿನಿಂದ ಹೆಣ್ಣು ನೋಡಲು ಬಂದರು. ಹುಡುಗ ನೋಡಲು ಸೌಮ್ಯ. ಹಿರಿಯರು ಅವಲಕ್ಕಿ ತಿನ್ನುತ್ತಿದ್ದರು. ಅವನೇ ಮಾತು ತೆಗೆದ:

“ಪಿಕ್ಚರ್ ನೋಡೀರಂತ? ಕಡೀಕ ಅಂವ ಹೇಳಿದ್ದು ನೆನಪೈತೇನ್ರಿ? ‘ಇನ್ನು ಮುಂದೆ ನಾನು ಹೇಳಿದ ದಾರಿಯಲ್ಲೇ ನಡೀಬೇಕು!’ ಏನಂತೀರಿ?”

ಎಂಥ ಸಂತೋಷವಾಯಿತು ನನಗೆ! ಈತನೂ ನಮ್ಮವನೇ, ನಾಟಕದವರ ಹಾಗೆ ನನಗೆ ಎತ್ತುಗಡೆ ಕೊಡುತ್ತಿದ್ದಾನೆ, ನನ್ನ ಪಾಲಿನ ಮಾತಿಗೆ ಕಾಯುತ್ತಿದ್ದಾನೆ ಎಂದುಕೊಂಡೆ. ತಲೆ ಎತ್ತಿ, ಆಕೆಯ ಹಾಗೆಯೇ ಹುಬ್ಬು ಹಾರಿಸಿ, ಪೂರ್ತಿ ಹೇಳಿದೆ. ‘ಇಳಿದು ತಳ್ಳಿ’ ಎನ್ನುವಾಗ ಬೆರಳಿನಿಂದ ಬಾಗಿಲನ್ನೂ ತೋರಿಸಿದೆ.

ಅವನು ನೋಡಿದ ಸವಣೂರಿನ ಚಿತ್ರದಲ್ಲಿ ಆ ಮಾತು ಇರಲಿಲ್ಲ. ಅವನ ಚಿತ್ರ ಮೇಷ್ಟ್ರ ಬೆರಳಿಗೆ ಮುಗಿದಿತ್ತು. ಅವನು ಕಾಯುತ್ತಿದ್ದದ್ದು ನಾನು ನಾಚಿ ತಲೆ ತಗ್ಗಿಸುವುದನ್ನು.

ಅವಲಕ್ಕಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಹುಡುಗನ ತಾಯಿ ಹೊಸ್ತಿಲಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ “ಬಾಯಾಳಿ” ಅಂದರು. ಹೆಸರು ಉಳಿಯಿತು. ಮತ್ತೊಂದು ಸಂಬಂಧ ಬರಲಿಲ್ಲ. ಅದಕ್ಕೆ ನನಗೆ ದುಃಖವಿಲ್ಲ. ಮೂವತ್ತನಾಲ್ಕು ವರ್ಷ ಪಾಠ ಹೇಳಿದೆ, ಮಕ್ಕಳಿಗೆ ಬರವಾಗಲಿಲ್ಲ. ದುಃಖ ಬೇರೆ.

ಅಪ್ಪ. ಚಂದ್ರಪ್ಪ. ಬಸ್‌ಸ್ಟ್ಯಾಂಡಿನ ಬದಿಗೆ ಕುಳಿತು ಕೊಡೆ, ಟಾರ್ಚು ರಿಪೇರಿ ಮಾಡುತ್ತಿದ್ದವರು. ಸಿನಿಮಾದ ಹುಚ್ಚು ನನಗೆ ಹಚ್ಚಿದವರೇ ಅವರು. ಥಿಯೇಟರಿನಲ್ಲಿ ಕಂಬದ ಪಕ್ಕದಲ್ಲೇ ಕೂರುತ್ತಿದ್ದರು, ಕತ್ತಲಾದ ಮೇಲೆ ಬಂದವರಿಗೆ ಟಾರ್ಚು ಬಿಟ್ಟು ಜಾಗ ತೋರಿಸುತ್ತಿದ್ದರು. ಆ ದಿನ ಅವರು ನನ್ನನ್ನು ಬೈಯಲಿಲ್ಲ. “ಅದು ಪಿಕ್ಚರಿನ್ಯಾಗಿನ ಮಾತಪ್ಪ, ನಂದಲ್ಲ” ಅಂದೆ. ನಂಬಿದರು. ನಂಬಿದ್ದರಿಂದಲೇ ಮರುದಿನ ಕೆಲಸ ಬಿಟ್ಟು ಸವಣೂರಿನ ಬಸ್ಸು ಹತ್ತಿದರು. ಶಿಗ್ಗಾವಿಯಿಂದ ಚಿತ್ರ ಎತ್ತಿದ್ದರು, ಅಲ್ಲಿ ಇನ್ನೂ ಇತ್ತು. ಆ ಮಾತನ್ನು ಕಿವಿಯಾರೆ ಕೇಳಿ, ಹುಡುಗನ ಮನೆಗೆ ಹೋಗಿ, ನನ್ನ ಮಗಳು ಸುಳ್ಳು ಹೇಳಿಲ್ಲ ಎಂದು ಹೇಳಿ ಬರುವವರಿದ್ದರು.

ತಿರುಗಿ ಬಂದು ಟಾರ್ಚನ್ನು ಮೊಳೆಗೆ ತೂಗುಹಾಕಿದರು.

“ಇಲ್ಲ ನೋಡವ್ವ. ಆ ಮಾತಿಲ್ಲ. ನೀನ ಕಟ್ಟಿದ್ದೇನು?”

ಅಷ್ಟೇ. ಮತ್ತೆ ಕೇಳಲಿಲ್ಲ. ಸಿನಿಮಾಕ್ಕೂ ಹೋಗಲಿಲ್ಲ. ಹನ್ನೊಂದು ವರ್ಷ ಬದುಕಿದ್ದರು. ನನ್ನ ಕೈಯಿಂದ ಊಟ ಮಾಡಿದರು, ನನ್ನ ಪಗಾರದ ಅಂಗಿ ತೊಟ್ಟರು, ಮಗಳು ಸುಳ್ಳುಗಾತಿ ಎಂದು ತಿಳಿದೇ ಹೋದರು.

ಚನ್ನವೀರಪ್ಪ, ಆ ಡಬ್ಬಿ ನನಗೆ ಬೇಕು. ಅದನ್ನು ಹಿಡಿದು, ನಿಮ್ಮದೇ ಸವಣೂರಿನಲ್ಲಿ, ನಿಮಗೆ ಶಾಲು ಹೊದಿಸಿ, ಆ ಶಾಲಿನಲ್ಲೇ ನಿಮ್ಮನ್ನು ಕಟ್ಟಿಹಾಕುತ್ತೇನೆ.

ರವಿವಾರ, ಜನವರಿ 12. ಸಂಜೆ

ಮಕ್ಕಳಿಗೆ ಪ್ರಶ್ನೆ ಕೊಟ್ಟಿದ್ದೆ: ಈ ಚಿತ್ರಗಳು ಯಾಕೆ ಸಾಯುವುದಿಲ್ಲ? ಕಾರು ಹೋಯಿತು, ಗಿರಣಿ ಹೋಯಿತು, ಆ ಕೇಶಾಲಂಕಾರವೂ ಹೋಯಿತು. ನಗು ಯಾಕೆ ಹೋಗಲಿಲ್ಲ?

ಲೋಹಿತ: “ಒಂದೂ ಫೈಟ್ ಇಲ್ಲ, ಆದ್ರ ಪೂರಾ ಫೈಟ ಐತ್ರಿ.”

ರಾಜಶ್ರೀ: “ನಿನಗ ಹೊಡದಾಟ ಬಿಟ್ರ ಬ್ಯಾರೆ ಕಾಣಂಗಿಲ್ಲ. ಅಲ್ಲಿ ಅಂವ ಒಂದಂದ್ರ ಆಕಿ ಎರಡಂತಾಳ. ಆಕಿ ಎರಡಂದ್ರ ಅಂವ ಕಿವಿಗೊಟ್ಟು ಕೇಳ್ತಾನ, ಅದಕ್ಕ ಚಂದ.”

“ನಾ ಕೇಳಂಗಿಲ್ಲೇನು?”

“ನೀ ಕೇಳ್ತಿ. ಕಿವ್ಯಾಗ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿ.”

ಇಬ್ಬರೂ ಹೀಗೆಯೇ. ಒಬ್ಬರ ವಾಕ್ಯ ಮುಗಿಯುವ ಮೊದಲು ಇನ್ನೊಬ್ಬರದು ಶುರು. ಉಳಿದವರು ಚಿತ್ರಕ್ಕಿಂತ ಇವರನ್ನೇ ನೋಡಲು ಬರುತ್ತಾರೆಂದು ನನ್ನ ಅನುಮಾನ.

ನನ್ನ ಉತ್ತರ ಹೇಳಲಿಲ್ಲ, ಇಲ್ಲಿ ಬರೆಯುತ್ತೇನೆ. ನಮ್ಮ ಮನೆಗಳಲ್ಲಿ ಹೆಣ್ಣುಮಗಳು ತಿರುಗಿ ಆಡಿದ ಮಾತಿಗೆ ದಂಡ ಇದ್ದೇ ಇದೆ, ಒಮ್ಮೊಮ್ಮೆ ಗಂಡುಮಗನಿಗೂ. ಈ ಚಿತ್ರಗಳು ದಂಡವಿಲ್ಲದ ಎರಡೂವರೆ ತಾಸು. ಇಬ್ಬರೂ ಸಮಸಮ ವೇಗದಲ್ಲಿ ಮಾತಾಡುತ್ತಾರೆ, ಇಬ್ಬರೂ ಪೆಟ್ಟು ತಿನ್ನುತ್ತಾರೆ, ಯಾರೂ ಯಾರ ಕಾಲಿಗೂ ಬೀಳುವುದಿಲ್ಲ, ಕೊನೆಗೆ ಒಂದೇ ಗಾಡಿಯಲ್ಲಿ ಹೋಗುತ್ತಾರೆ. ಹಾಗೆ ಬದುಕಬಹುದು ಎಂಬುದನ್ನು ಯಾವ ಪಠ್ಯಪುಸ್ತಕದಲ್ಲೂ ನಾನು ಕಲಿಸಲಿಲ್ಲ. ಆ ಮಾತನ್ನು ಥಿಯೇಟರಿನ ಹೊರಗೆ ತಂದಾಗ ದಂಡ ತೆತ್ತವಳು ನಾನು. ಈ ಮಕ್ಕಳು ತೆರಬಾರದು.

ಆದ್ದರಿಂದ ಡಬ್ಬಿ. ನಾನೇ ಹೋದರೆ ಬಾಗಿಲಲ್ಲೇ ಕೂಗಾಡುತ್ತೇನೆ. ಲೋಹಿತ, ರಾಜಶ್ರೀಯರನ್ನು ಕಳಿಸುತ್ತೇನೆ. ಹಳೆಯ ಸಿನಿಮಾ ಸಾಮಾನು ಹುಡುಕುವವರು ಎಂದು ಹೇಳಿಕೊಳ್ಳಲಿ. ಇಬ್ಬರಿಗೂ ಬಾಯಿಪಾಠ ಮಾಡಿಸಿದ್ದೇನೆ.

ರವಿವಾರ, ಜನವರಿ 19. ಮಧ್ಯಾಹ್ನ

ನಿನ್ನೆ ಹೋದರು. ಕೆಲಸ ಕೆಡಿಸಿಕೊಂಡು ಬಂದರು. ರಾಜಶ್ರೀಯ ವರದಿ, ಅವಳ ಮಾತಿನಲ್ಲೇ:

“ನೀವು ಹೇಳಿಕೊಟ್ಟಂಗ ನಾ ಶುರು ಮಾಡಿದ್ದೆ ಅಕ್ಕಾರ. ಅಷ್ಟ್ರಾಗ ಈ ಶಾಣ್ಯಾ ನಡಕ ಬಾಯಿ ಹಾಕಿ, ‘ನಮ್ಮ ಲಗ್ನ ಐತ್ರಿ ಅಜ್ಜಾರ, ಪ್ರೀ-ವೆಡ್ಡಿಂಗ್ ಶೂಟಿಂಗಿಗೆ ಹಳೇ ರೀಲ ಬೇಕು’ ಅಂದ!”

“ನಂಬಲಿ ಅಂತ ಅಂದ್ನಿ” ಲೋಹಿತನ ಸಮರ್ಥನೆ.

“ನಾನ ನಂಬಲಿಲ್ಲ, ಅಂವ ಹೆಂಗ ನಂಬ್ತಾನ? ‘ಯಾರ ಲಗ್ನ, ಯಾವಾಗ ಗೊತ್ತಾತು, ನನಗ ಹೇಳಲಾರದ’ ಅಂತ ನಾ ಅಲ್ಲೇ ಜಗಳಾ ತಗದ್ನಿ. ಆ ಅಜ್ಜ ‘ಮೊದಲ ಒಂದಾಗಿ ಬರ್ರಿ’ ಅಂತ ಕದಾ ಹಾಕ್ಕೊಂಡ.”

ಅಜ್ಜನ ಹೆಂಡತಿ, ಕರೆವ್ವ ಎಂದು ಹೆಸರು, ಹಿತ್ತಲ ಬಾಗಿಲಿನಿಂದ ಕರೆದು ಚಹಾ ಕೊಟ್ಟರಂತೆ. ಇವರು ಕುಡಿಯುತ್ತಿರುವಾಗ ಚನ್ನವೀರಪ್ಪ ಎಲ್ಲಿಗೋ ಹೊರಟು ಲೂನಾ ಚಾಲೂ ಮಾಡುತ್ತಿದ್ದರು. ಆಗುತ್ತಿರಲಿಲ್ಲ. ಹೆಂಡತಿಗೆ “ನೀ ಏನ್ ನೋಡ್ತಿ, ಹತ್ತು” ಎಂದು ರೇಗಿದರು. ಆಗ ಕರೆವ್ವ ಕಪ್ಪು ಕೆಳಗಿಟ್ಟು ಅಂದದ್ದು:

“ದಾರಿ ನೀವು ಹೇಳ್ರಿ, ಹ್ಯಾಂಡಲ್ ನನ್ನ ಕೈಯಾಗ ಕೊಡ್ರಿ. ಬರೂದಿದ್ರ ಹಿಂದ ಕುಂದರ್ರಿ. ಇಲ್ಲಾಂದ್ರ ಇಳದು ತಳ್ಳ್ರಿ!”

ಅಜ್ಜ ಇಳಿದು ತಳ್ಳಿದರಂತೆ.

ರಾಜಶ್ರೀ ನಗುತ್ತ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೇ ಅರಿವಾಗಿ ಬಾಯಿ ಮುಚ್ಚಿಕೊಂಡಳು. ಲೋಹಿತ ನೆಲ ನೋಡಿದ. “ಅಕ್ಕಾರ, ಅವತ್ತ ನಾ ಹಂಗ ಅನಬಾರದಿತ್ತು. ನೀವು ಕಟ್ಟಿದ್ದಲ್ಲ ಅದು.”

ನಲವತ್ತೆರಡು ವರ್ಷಕ್ಕೆ ಮೊದಲ ಸಾಕ್ಷಿ. ಅದೂ ಶತ್ರುವಿನ ಹಿತ್ತಲಿನಲ್ಲಿ. ಆ ಹೆಂಗಸಿಗೆ ಆ ಮಾತು ಹೇಗೆ ಗೊತ್ತು?

ಶನಿವಾರ, ಜನವರಿ 25

ಬರೆಯಲು ಏನೂ ಇಲ್ಲ. ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತಿದೆ.

ಬುಧವಾರ, ಫೆಬ್ರವರಿ 5. ಹಿರೇಕೆರೂರು ಬಸ್‌ಸ್ಟ್ಯಾಂಡ್. ಮಧ್ಯಾಹ್ನ 3.40

ಬಸ್ಸಿಗೆ ಇನ್ನೂ ಸಮಯವಿದೆ. ಈಗಲೇ ಬರೆಯಬೇಕು.

ಹೋದೆ. ಕೂಗಾಡಲಿಲ್ಲ. ಹೆಸರು ಹೇಳಿದೆ, 1983 ಎಂದೆ, ಅಪ್ಪನ ವಿಷಯ ಹೇಳಿದೆ. ನಿಂತೇ ಹೇಳಿದೆ. “ಕುಂತ್ರಿ” ಎಂದು ಇಬ್ಬರೂ ಎರಡೆರಡು ಸಲ ಅಂದರು. ಕೂರಲಿಲ್ಲ.

ಚನ್ನವೀರಪ್ಪ ಎಪ್ಪತ್ತೆರಡರ ಮುದುಕ, ಹುರಿಮೀಸೆ, ಹೆದರಿದ ಕಣ್ಣು. “ಡಬ್ಬಿ ಇಲ್ಲ” ಅಂದರು. ಕರೆವ್ವ ಅವರನ್ನು ನೋಡಿದರು. “ಇಲ್ಲಂತ ಯಾಕ ಹೇಳ್ತೀರಿ? ನನ್ನದು ಅದು.” ಒಳಗೆ ಹೋಗಿ ಅಡಿಗೆಮನೆಯ ಎತ್ತರದ ನಾಗಂದಿಗೆಯ ಹಲಗೆಯಿಂದ ಬಿಸ್ಕೀಟಿನ ಡಬ್ಬಿ ತಂದು ನನ್ನ ಮುಂದೆ ಇಟ್ಟರು. ಮುಚ್ಚಳ ತೆಗೆದ ಕೂಡಲೇ ಹಳೆಯ ಫಿಲ್ಮಿನ ಹುಳಿ ವಾಸನೆ. ಮೂವತ್ತೊಂದು ಸುರುಳಿಗಳು, ಒಂದೊಂದಕ್ಕೂ ಬೇರೆ ಬೇರೆ ಬಣ್ಣದ ದಾರ.

“ನಾ ಹೇಳಿದ್ದಕ್ಕ ಕತ್ತರಿಸಿದ್ದು ಅಕ್ಕಾರ. ಇವರದೇನಿಲ್ಲ” ಅಂದರು ಕರೆವ್ವ. “ಮ್ಯಾನೇಜರನ ಹೆಂಡತಿ ಟೆಂಟಿನ್ಯಾಗ ಕುಂತ್ರ ಜನ ಪಿಕ್ಚರ್ ಬಿಟ್ಟು ಆಕಿನ್ನ ನೋಡ್ತಾರ ಅಂತಿದ್ರು ನಮ್ಮತ್ತಿ. ಒಂದ ದಿನಾನೂ ಒಳಗ ಕಾಲಿಡಲಿಲ್ಲ. ಮನಿ ಹಿಂದ ಟೆಂಟು, ಜನ ನಗೂದಷ್ಟ ಕೇಳ್ತಿತ್ತು. ಯಾಕ ನಕ್ರು ಅಂತ ಗೊತ್ತಾಗಬೇಕಲ್ಲ? ಇವರು ಮೊದಲ ಒಂದು ಹಾಡಿನ ತುಂಡು ತಂದ್ರು. ಬ್ಯಾಡ ಅಂದೆ. ಹೀರೋನ ಮಾರಿ ತಂದ್ರು. ಇಟ್ಕೊಂಡು ಏನ್ ಮಾಡ್ಲಿ ಅಂದೆ. ಆಕಿ ತಿರುಗಿ ಮಾತಾಡ್ತಾಳಲ್ಲ, ಅದನ್ನ ತರ್ರಿ ಅಂದೆ.”

ಬೆಳಕಿಂಡಿಯ ಕೆಳಗೆ ನಿಂತು ತುಂಡನ್ನು ಬೆಳಕಿಗೆ ಹಿಡಿಯುತ್ತಿದ್ದರಂತೆ. ಚಿತ್ರ ಕಾಣುತ್ತದೆ, ಮಾತು ಕೇಳುವುದಿಲ್ಲ. ಮಾತನ್ನು ಯಾರು ಹೇಳಬೇಕು?

“ಇವರ ಹೇಳ್ತಿದ್ರು” ಅಂದರು ಕರೆವ್ವ, ಗಂಡನನ್ನು ತೋರಿಸಿ. “ಹೀರೋಯಿನ್ ದನೀಲೆ. ಸೆರಗ ಹಾರಿಸಿ.”

ಚನ್ನವೀರಪ್ಪ ಗೋಡೆಯ ಕಡೆ ತಿರುಗಿಕೊಂಡರು. ಕಿವಿ ಕೆಂಪಾಗಿತ್ತು.

ನನ್ನ ಚೀಲದಲ್ಲಿ ಅಪ್ಪನ ಟಾರ್ಚು ಇತ್ತು, ಯಾವಾಗಲೂ ಇರುತ್ತದೆ. ಹಸಿರು ದಾರದ ಸುರುಳಿ ಬಿಚ್ಚಿ ಕರೆವ್ವ ಕೈಗಿಟ್ಟರು. ಟಾರ್ಚು ಬಿಟ್ಟೆ. ಅವಳೇ. ಸ್ಟೇರಿಂಗ್ ಮೇಲೆ ಕೈ, ಹಾರಿದ ಹುಬ್ಬು, ತೆರೆದ ಬಾಯಿ. ಚೌಕ ಚೌಕವಾಗಿ ಬಾಯಿ ತೆರೆಯುತ್ತ ಹೋಯಿತು. ಕೊನೆಯ ಚೌಕಗಳಲ್ಲಿ ಮೇಷ್ಟ್ರು ಕಾರಿನ ಹಿಂದೆ ನಿಂತು ತಳ್ಳುತ್ತಿದ್ದಾನೆ.

ಅಪ್ಪ, ಇಲ್ಲಿದೆ ನೋಡು.

ಕರೆವ್ವನ ದನಿ ತಗ್ಗಿತ್ತು. “ನಿಮ್ಮಪ್ಪ ಹುಡುಕ್ಕೊಂಡು ಬಂದದ್ದು ನನ್ನ ನಾಗಂದಿಗಿ ಮ್ಯಾಲ ಇತ್ತು. ಕದ್ದಾಕಿ ನಾನು. ಏನ್ ಅಂತೀರೋ ಅನ್ರಿ.”

ಏನನ್ನಲಿ? ನಲವತ್ತೆರಡು ವರ್ಷ ಕೂಡಿಟ್ಟ ಬೈಗುಳ ಒಬ್ಬ ದರ್ಪದ ಗಂಡಸಿನ ಅಳತೆಗೆ ಹೊಲಿದಿದ್ದು. ಇವರಿಬ್ಬರಿಗೂ ಅದು ಹೊಂದುವುದಿಲ್ಲ. ಬಸ್ಸು ಬಂತು.

ಗುರುವಾರ, ಫೆಬ್ರವರಿ 6. ಬೆಳಿಗ್ಗೆ

ಕ್ಷಮಿಸಿಲ್ಲ. ಇದನ್ನು ಸ್ಪಷ್ಟವಾಗಿ ಬರೆದಿಡುತ್ತೇನೆ.

ನನ್ನ ಸೇಡಿಗೆ ಮೋಸವಾಗಿದೆ. ನಾನು ಶಿಕ್ಷೆ ಕೊಡಬೇಕೆಂದಿದ್ದ ಮನುಷ್ಯ ಮೂವತ್ತೊಂದು ಎದುರುತ್ತರಗಳನ್ನು ತಾನೇ ಹೆಂಡತಿಗೆ ಕಲಿಸಿಕೊಟ್ಟು, ನಲವತ್ತೆರಡು ವರ್ಷ ದಿನಾ ಅವೇ ಎದುರುತ್ತರಗಳನ್ನು ತಿಂದಿದ್ದಾನೆ. ಲೂನಾ ತಳ್ಳಿದ್ದಾನೆ. ಅದರಲ್ಲಿ ಸುಖವಾಗಿದ್ದಾನೆ! ಆ ಮನೆಯೇ ಒಂದು ಜಗಳದ ನಗೆಚಿತ್ರ. ಊರಿನ ಪಾಲಿನ ಚಿತ್ರವನ್ನು ತುಂಡು ತುಂಡಾಗಿ ಮನೆಗೆ ಒಯ್ದು ಅಲ್ಲಿ ಪೂರ್ತಿ ಆಡಿದ್ದಾರೆ. ನಮಗೆ ಬಿಟ್ಟಿದ್ದು ಮೇಷ್ಟ್ರ ಬೆರಳು.

ಸವಣೂರಿನ ಒಂದು ತಲೆಮಾರಿನ ಹುಡುಗರು ಆ ಬೆರಳನ್ನೇ ಕಲಿತರು. ಕರೆವ್ವನ ಆಸೆ ನನಗೆ ಅರ್ಥವಾಗುತ್ತದೆ. ಅರ್ಥವಾಗುವುದೇ ತೊಂದರೆ. ನಾನೂ ಅದನ್ನೇ ಕದಿಯುತ್ತಿದ್ದೆ.

ಆದರೂ ಅಪ್ಪ ತಿರುಗಿ ಬರುವುದಿಲ್ಲ. ಯಾರಾದರೂ ಎದ್ದು ನಿಂತು ಹೇಳಲೇಬೇಕು.

ರವಿವಾರ, ಫೆಬ್ರವರಿ 16. ಸಂಜೆ

ಕರೆವ್ವ ಕಳೆದ ವಾರವೇ ಡಬ್ಬಿಯನ್ನು ಕೊಟ್ಟು ಕಳಿಸಿದ್ದರು. ಲೋಹಿತ ಹಸಿರು ದಾರದ ಸುರುಳಿಯ ಒಂದೊಂದು ಚೌಕವನ್ನೂ ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಮೊಬೈಲಿನಲ್ಲಿ ತೆಗೆದ. ರಾಜಶ್ರೀ ಹತ್ತಿಯ ಕೈಗವಸು ತೊಟ್ಟು ಸುರುಳಿ ಸರಿಸಿದಳು. ಆರು ದಿನ. ಆರು ದಿನವೂ ಜಗಳ. ಇಂದು ಚಿತ್ರ ಹಾರುವ ಜಾಗದಲ್ಲಿ ಜೋಡಿಸಿ ತೋರಿಸಿದರು. ಮೇಷ್ಟ್ರು ಬೆರಳೆತ್ತುತ್ತಾನೆ, ಅವಳು ತಿರುಗುತ್ತಾಳೆ, ಹುಬ್ಬು ಹಾರಿಸುತ್ತಾಳೆ, ಬಾಯಿ ತೆರೆಯುತ್ತಾಳೆ—

ನಿಶ್ಶಬ್ದ.

“ಸೌಂಡ್ ಅಂಚಿನ್ಯಾಗ ಇರ್ತದ್ರಿ ಅಕ್ಕಾರ. ಅಂಚು ಕೆಟ್ಟೈತಿ” ಅಂದ ಲೋಹಿತ. “ರಾಜಶ್ರೀ ಕಡೆ ಹೇಳಸೂಣೇನ್ರಿ? ಬೈಯೂದ್ರಾಗ ಆಕೀಗೆ ಪ್ರ್ಯಾಕ್ಟೀಸ್ ಐತಿ.”

“ನಿನ್ನ ಜೋಡಿ ಇದ್ದು ಬಂದೈತಿ” ಅಂದಳು ರಾಜಶ್ರೀ. ಆಮೇಲೆ ನನ್ನತ್ತ ತಿರುಗಿ, “ನೀವ ಹೇಳಬೇಕ್ರಿ ಅಕ್ಕಾರ. ಈ ಮಾತು ನಿಮ್ಮದ.”

ಇಲ್ಲ. ನಾನು ಒಮ್ಮೆ ಹೇಳಿದ್ದೇನೆ. ನಾನು ಹೇಳಿದರೆ ಮತ್ತೆ ಅದು ನಾನು ಕಟ್ಟಿದ ಮಾತೇ ಆಗುತ್ತದೆ. ಆ ಮಾತು ಇತ್ತು ಎಂದು ಯಾರು ಹೇಳಿದರೆ ಸವಣೂರು ನಂಬುತ್ತದೆ?

ಆಗ ಹೊಳೆಯಿತು. ನಲವತ್ತೆರಡು ವರ್ಷಕ್ಕೆ ಮೊದಲ ಸಲ ಮನಸಾರೆ ನಕ್ಕೆನೆಂದು ಕಾಣುತ್ತದೆ. ಇಬ್ಬರೂ ಜಗಳ ನಿಲ್ಲಿಸಿ ನನ್ನನ್ನು ನೋಡಿದರು.

ಹಿರೇಕೆರೂರಿಗೆ ಫೋನು ಹಚ್ಚಿದೆ. ಸ್ಪಷ್ಟವಾಗಿ, ಗೌರವದಿಂದ ಹೇಳಿದೆ: ಮಾರ್ಚ್ 2ಕ್ಕೆ ಸವಣೂರಿನ ಸಭೆಯಲ್ಲಿ, ಶಾಲು ಹೊದಿಸಿಕೊಂಡು, ಪರದೆಯ ಪಕ್ಕದಲ್ಲಿ ನಿಂತು, ಆ ಮಾತನ್ನು ತಾವೇ ಹೇಳಬೇಕು. ಹೀರೋಯಿನ್ ದನಿಯಲ್ಲಿ.

ಚನ್ನವೀರಪ್ಪ ಬೇಡಿಕೊಂಡರು. “ಅಕ್ಕಾರ, ಆ ಊರಾಗ ನನಗ ಜನ ಹುಲಿ ಅಂತಿದ್ರು. ಶಾಲು ಬ್ಯಾಡ, ಬೈರಿ, ಪೇಪರಿನ್ಯಾಗ ಬರೀರಿ. ಇದೊಂದು ಬ್ಯಾಡ್ರಿ.”

“ಇದೊಂದೇ ಬೇಕು” ಎಂದೆ.

ಫೋನು ಕೈ ಬದಲಾಯಿತು. ಕರೆವ್ವ. “ಹೇಳ್ತಾರ್ರಿ. ಹೇಳಲಿಲ್ಲಂದ್ರ ಅವತ್ತಿಂದ ರೊಟ್ಟಿ ಅವರ ಬಡೀಬೇಕು. ಮತ್ತ ನನಗೇನ್ ಶಿಕ್ಷಾ ಹೇಳ್ರಿ. ಕದ್ದಾಕಿ ನಾನಲ್ಲೇನು?”

ಕಠಿಣವಾದದ್ದನ್ನೇ ಹೇಳಬೇಕೆಂದಿದ್ದೆ. “ಮೊದಲಿನಿಂದ ಕೊನೆಯವರೆಗೆ ಕುಳಿತು ಪೂರ್ತಿ ಚಿತ್ರ ನೋಡಬೇಕು. ಎಲ್ಲರ ನಡುವೆ.”

“ಅದು ಶಿಕ್ಷಾ ಏನ್ರಿ?” ಎಂದು ನಕ್ಕರು. ಬಹಳ ಹೊತ್ತು ನಕ್ಕರು. ಕೊನೆಗೆ ಅದು ನಗುವಾಗಿ ಉಳಿದಿರಲಿಲ್ಲ.

ಈ ದಂಪತಿಗೆ ಶಿಕ್ಷೆ ಕೊಡುವುದು ಬಲು ಕಷ್ಟ.

ರವಿವಾರ, ಮಾರ್ಚ್ 2. ಸವಣೂರು. ಸಂಜೆ 4.20

ಸಭಾಂಗಣ. ಪ್ರೊಜೆಕ್ಟರ್ ಪರೀಕ್ಷೆ ನಡೆದಿದೆ. ಜನ ಬರುತ್ತಿದ್ದಾರೆ. ರಾಜಶ್ರೀ ಸ್ಕೂಟಿ ಓಡಿಸಿಕೊಂಡು ಬಂದಳು. ಲೋಹಿತ ಹಿಂದೆ ಕುಳಿತಿದ್ದ, ತೊಡೆಯ ಮೇಲೆ ಡಬ್ಬಿ. ಏನೂ ಕೇಳಲಿಲ್ಲ ನಾನು. ಅವನೇ “ಆಕೀಗೆ ಹಿಂದ ಕುಂದ್ರಾಕ ಬರಂಗಿಲ್ರಿ” ಅಂದ.

ಮೂರನೆಯ ಸಾಲಿನಲ್ಲಿ ಬಿಳಿ ಕೂದಲಿನವನೊಬ್ಬ, ಹೆಂಡತಿ, ಮೊಮ್ಮಗಳು. ಅವನೇ. ಅವಲಕ್ಕಿ ಅರ್ಧಕ್ಕೇ ಬಿಟ್ಟು ಎದ್ದ ವರ, ಗುರುತು ಹತ್ತಿತು. ಕರೆಪತ್ರವನ್ನು ನಾನೇ ಅಂಚೆಗೆ ಹಾಕಿದ್ದೆ. ಅವನಿಗೆ ನನ್ನ ಗುರುತು ಹತ್ತಿಲ್ಲ. ಇನ್ನೆರಡೂವರೆ ತಾಸಿಗೆ ಹತ್ತುತ್ತದೆ.

ಕಂಬದ ಪಕ್ಕದ ಕುರ್ಚಿಯ ಮೇಲೆ ಟಾರ್ಚು ಇಟ್ಟಿದ್ದೇನೆ. “ಯಾರಿಗ್ರಿ ಅಕ್ಕಾರ ಇದು?” ಎಂದಳು ರಾಜಶ್ರೀ. “ಒಬ್ಬರು ಈ ಚಿತ್ರದ ಕೊನೆ ನೋಡಿಲ್ಲ” ಎಂದೆ. ಅವಳು ಯಾರನ್ನೂ ಅಲ್ಲಿ ಕೂರಲು ಬಿಡುತ್ತಿಲ್ಲ.

ಹಿರೇಕೆರೂರಿನವರು ಬಂದರು. ಚನ್ನವೀರಪ್ಪ ಇಸ್ತ್ರಿ ಮಾಡಿದ ಧೋತರ, ಒಣಗಿದ ತುಟಿ. ಕರೆವ್ವ ಬಾಗಿಲಲ್ಲೇ ನಿಂತುಬಿಟ್ಟರು, ಒಳಗೆ ಕಾಲಿಡಲು ಯಾರದೋ ಅಪ್ಪಣೆ ಬೇಕೆಂಬಂತೆ. ಹೋಗಿ ಕೈ ಹಿಡಿದೆ. ಹಿಡಿಯಬೇಕೆಂದು ಎಣಿಸಿರಲಿಲ್ಲ. ಮೊದಲ ಸಾಲಿನಲ್ಲಿ ಕೂರಿಸಿದೆ. “ಇಷ್ಟ ದೊಡ್ಡ ಕಾಣ್ತದೇನ್ರಿ?” ಎಂದು ಖಾಲಿ ಪರದೆಯನ್ನು ನೋಡಿದರು. ಚಿತ್ರ ಇನ್ನೂ ಶುರುವಾಗಿರಲಿಲ್ಲ.

ಭಾಷಣವನ್ನು ಮತ್ತೆ ಬರೆದೆ. ಕಾಗದ ಹರಿಯಲಿಲ್ಲ. ಇಷ್ಟನ್ನೇ ಓದುವುದು:

‘ಸಭೆಗೆ ನಮಸ್ಕಾರ. ಬಿಸಿಲಿನಲ್ಲಿ ಬಂದಿರುವ ಹಿರಿಯರಿಗೆ ವಂದನೆ. ಶ್ರೀಮತಿ ಕರೆವ್ವನವರಿಗೂ ಶ್ರೀ ಚನ್ನವೀರಪ್ಪನವರಿಗೂ ನನ್ನ ಕೃತಜ್ಞತೆ, ಒಬ್ಬ ಹೆಣ್ಣುಮಗಳ ಮಾತನ್ನು ನಲವತ್ತೆರಡು ವರ್ಷ ಕೆಡದಂತೆ ಇಟ್ಟಿದ್ದಕ್ಕೆ. ಅದೇ ಮಾತನ್ನು ನನ್ನ ತಂದೆಯಿಂದ ಮುಚ್ಚಿಟ್ಟಿದ್ದಕ್ಕೆ ನನ್ನಲ್ಲಿ ಕ್ಷಮೆಯಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇನೆ. ಹಾಗೆ ಹೇಳುವುದನ್ನು ಈ ಚಿತ್ರಗಳೇ ನನಗೆ ಕಲಿಸಿದವು. ಮಕ್ಕಳೇ, ನಗಬೇಕಾದಲ್ಲಿ ನಗಿ. ಮನೆಗೆ ಹೋಗಿ ತಿರುಗಿ ಮಾತಾಡಿ. ನಿಮ್ಮ ಎದುರಿಗೆ ಯಾರಾದರೂ ತಿರುಗಿ ಮಾತಾಡಿದರೆ, ಕೇಳಿ. ಈ ಊರು ಕೇಳದೆ ಉಳಿದ ಒಂದು ಮಾತಿದೆ. ಅದನ್ನು ಕತ್ತರಿಸಿದವರೇ ಈಗ ಹೇಳುತ್ತಾರೆ. ಲೋಹಿತ, ದೀಪ ಆರಿಸು. ರಾಜಶ್ರೀ, ಅಜ್ಜನವರಿಗೆ ಮೈಕು ಕೊಡು. ಚನ್ನವೀರಪ್ಪನವರೇ, ಸರದಿ ಬಂದಾಗ ಎದ್ದು ನಿಲ್ಲಿ. ಕಂಬದ ಪಕ್ಕದ ಕುರ್ಚಿಗೂ ಕೇಳಿಸಬೇಕು, ಗಟ್ಟಿಯಾಗಿ—’

ಕರೆಯುತ್ತಿದ್ದಾರೆ. ಜನ ತುಂಬಿದೆ. ಶುರು ಮಾಡೋಣ, ಮಕ್ಕಳೇ, ಶುರು—